ಕ್ಯೂ ಲೆಕ್ಕದಲ್ಲಿ ದಿಕ್ಕು ತಪ್ಪಿದರೆ ದೋಷ ಹಿಡಿಯುವುದು ಹೇಗೆ

ರಾಸಾಯನಿಕ ಸಮತೋಲನದ ಪಾಠದಲ್ಲಿ ಬರುವ ರಿಯಾಕ್ಷನ್ ಕೋಶಂಟ್, ಅಂದರೆ ಕ್ಯೂ, ಒಂದೇ ಪ್ರಶ್ನೆಗೆ ಉತ್ತರ ಹೇಳುತ್ತದೆ: ಪಾತ್ರೆಯಲ್ಲಿ ಈಗಿರುವ ಮಿಶ್ರಣ ಇಲ್ಲಿಂದ ಯಾವ ಕಡೆಗೆ ಹೋಗಬೇಕು? ಈಗಿರುವ ಉತ್ಪನ್ನಗಳ ಸಾರತೆಯನ್ನು (ಲೀಟರಿಗೆ ಎಷ್ಟು ಮೋಲ್) ಪ್ರತಿವರ್ತಕಗಳ ಸಾರತೆಯಿಂದ ಭಾಗಿಸಿದರೆ ಕ್ಯೂ; ಸಮತೋಲನದಲ್ಲಿ ಅದೇ ಸೂತ್ರ ಕೊಡುವ ಬೆಲೆ ಕೆ, ಅಂದರೆ ಸಮತೋಲನ ಸ್ಥಿರಾಂಕ. ಕ್ಯೂ ಬೆಲೆ ಕೆ ಬೆಲೆಗಿಂತ ಕಡಿಮೆ ಇದ್ದರೆ ಕ್ರಿಯೆ ಮುಂದಕ್ಕೆ, ಹೆಚ್ಚಿದ್ದರೆ ಹಿಂದಕ್ಕೆ, ಎರಡೂ ಸಮ ಇದ್ದರೆ ಅಲ್ಲೇ ಸಮತೋಲನ. ನಿಯಮ ಇಷ್ಟೇ. ಆದರೂ ಪ್ರಥಮ ಪಿಯುಸಿ ಉತ್ತರ ಪತ್ರಿಕೆಯಲ್ಲಿ, ಸಿಇಟಿ ಅಭ್ಯಾಸದಲ್ಲಿ, ಬೋರ್‌ವೆಲ್ ನೀರಿನ ವರದಿ ಮುಂದಿಟ್ಟುಕೊಂಡು ಫ್ಲೋರೈಡ್ ಲೆಕ್ಕ ಹಾಕುವಾಗ ದಿಕ್ಕು ತಲೆಕೆಳಗಾಗುವುದು ಮಾಮೂಲಿ.

ಹಾಗಾದಾಗ ಹೆಚ್ಚಿನವರು ಗುಣಾಕಾರ ಭಾಗಾಕಾರವನ್ನೇ ಮತ್ತೆ ಮತ್ತೆ ಮಾಡಿ ನೋಡುತ್ತಾರೆ. ತಪ್ಪು ಅಲ್ಲಿರುವುದು ಕಡಿಮೆ. ಸೂತ್ರದೊಳಗೆ ಏನನ್ನು ಹಾಕಿದೆವು, ಯಾವ ಮಾನದಲ್ಲಿ ಹಾಕಿದೆವು, ಯಾವ ಕೆ ಜೊತೆ ಹೋಲಿಸಿದೆವು ಎಂಬಲ್ಲೇ ಬಹುಪಾಲು ದೋಷ ಕೂತಿರುತ್ತದೆ. ಒಳ್ಳೆಯ ಸಂಗತಿ ಏನೆಂದರೆ, ಇಂಥ ಪ್ರತಿಯೊಂದು ದೋಷವೂ ತನ್ನದೇ ಗುರುತು ಬಿಟ್ಟು ಹೋಗುತ್ತದೆ.

ತಪ್ಪು ಎಷ್ಟು ಪಟ್ಟು?

ಸರಿಯುತ್ತರ ಕೈಯಲ್ಲಿದ್ದರೆ ನಿಮಗೆ ಬಂದ ಕ್ಯೂ ಮತ್ತು ಸರಿಯಾದ ಕ್ಯೂ, ಇವೆರಡರ ಅನುಪಾತ ತೆಗೆಯಿರಿ. ಆ ಒಂದು ಸಂಖ್ಯೆ ತಪ್ಪಿನ ಮೂಲವನ್ನು ತೋರಿಸುತ್ತದೆ. ಪಾತ್ರೆ 5 ಲೀಟರಿನದಾಗಿದ್ದು ಉತ್ತರ 5 ಪಟ್ಟೋ 25 ಪಟ್ಟೋ ತಪ್ಪಿದ್ದರೆ ಮೋಲ್‌ಗಳನ್ನು ಗಾತ್ರದಿಂದ ಭಾಗಿಸಿಲ್ಲ. 4, 27, 4/27 ಇಂಥ ಸಂಖ್ಯೆ ಬಂದರೆ ಸಹಗುಣಕ, ಅಂದರೆ ಸಮೀಕರಣದಲ್ಲಿ ಪದಾರ್ಥದ ಹಿಂದಿರುವ ಸಂಖ್ಯೆ, ಆವರಣದ ಒಳಗೆ ನುಗ್ಗಿದೆ. ಕೋಣೆಯ ತಾಪದ ಲೆಕ್ಕದಲ್ಲಿ ಸುಮಾರು 24.5 ಕಂಡರೆ ಆಂಶಿಕ ಒತ್ತಡವೂ (ಮಿಶ್ರಣದಲ್ಲಿ ಒಂದೊಂದು ಅನಿಲದ ಪಾಲಿನ ಒತ್ತಡ) ಸಾರತೆಯೂ ಬೆರೆತುಹೋಗಿವೆ. ನೀರಿನ ಲೆಕ್ಕದಲ್ಲಿ 2.5 ಬಂದರೆ ಗಡಸುತನದ ಅಂಕಿಯನ್ನೇ ಕ್ಯಾಲ್ಸಿಯಂ ಎಂದು ಓದಿದ್ದೀರಿ. ಹತ್ತರ ಘಾತಗಳಲ್ಲಿ, ಉದಾಹರಣೆಗೆ ಹತ್ತು ಲಕ್ಷ ಪಟ್ಟು, ತಪ್ಪಿದ್ದರೆ ಮಿಲಿಮೋಲನ್ನು ಮೋಲ್ ಮಾಡುವಾಗ ಎಡವಿದ್ದೀರಿ. ನಿಮ್ಮ ಕ್ಯೂ ಮತ್ತು ಸರಿಯಾದ ಕ್ಯೂ ಗುಣಿಸಿದರೆ 1 ಬರುವಂತಿದ್ದರೆ ಉತ್ಪನ್ನ ಛೇದಕ್ಕೆ ಹೋಗಿದೆ, ಪ್ರತಿವರ್ತಕ ಅಂಶಕ್ಕೆ ಬಂದಿದೆ.

ಸರಿಯುತ್ತರ ಕೈಯಲ್ಲಿ ಇಲ್ಲದಿದ್ದಾಗ ಹುಡುಕಾಟಕ್ಕೆ ಒಂದು ಕ್ರಮ ಬೇಕು: ಮೊದಲು ಸಮೀಕರಣ, ಆಮೇಲೆ ಯಾವ ಪದಾರ್ಥಗಳು ಸೂತ್ರದಲ್ಲಿ ಇರಬೇಕು ಎಂಬುದು, ಆಮೇಲೆ ಸಾರತೆ, ಘಾತ, ಕೆ, ಕೊನೆಗೆ ಕ್ಯಾಲ್ಕ್ಯುಲೇಟರ್. ಈ ಕ್ರಮದಲ್ಲಿ ಮೇಲಿನದು ತಪ್ಪಿದ್ದರೆ ಕೆಳಗಿನದನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಕೆಳಗೆ ಹೇಳುವಾಗ ಈ ಕ್ರಮವನ್ನು ಬಿಟ್ಟು, ಹೆಚ್ಚಾಗಿ ಕಾಣುವ ದೋಷವನ್ನು ಮೊದಲು ತೆಗೆದುಕೊಂಡಿದೆ.

ಮೋಲ್ ಹಾಕಿ ಸಾರತೆ ಎಂದುಕೊಳ್ಳುವುದು

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೋಷ ಇದು. ಅಮೋನಿಯ ತಯಾರಿಕೆಯ ಕ್ರಿಯೆ ತೆಗೆದುಕೊಳ್ಳಿ:

ನೈಟ್ರೋಜನ್ + 3 ಹೈಡ್ರೋಜನ್ ⇌ 2 ಅಮೋನಿಯ

ಕ್ಯೂ = [ಅಮೋನಿಯ]² ÷ ([ನೈಟ್ರೋಜನ್] × [ಹೈಡ್ರೋಜನ್]³)

472 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ಕೆಸಿ, ಅಂದರೆ ಸಾರತೆಯಲ್ಲಿ ತೆಗೆದ ಕೆ, 0.105. ಈಗ 5 ಲೀಟರ್ ಪಾತ್ರೆಯಲ್ಲಿ 1.0 ಮೋಲ್ ನೈಟ್ರೋಜನ್, 2.0 ಮೋಲ್ ಹೈಡ್ರೋಜನ್, 0.5 ಮೋಲ್ ಅಮೋನಿಯ ಇವೆ ಎನ್ನಿ. ಮೋಲ್‌ಗಳನ್ನೇ ನೇರವಾಗಿ ಹಾಕಿದರೆ 0.25 ÷ (1 × 8) = 0.031. ಇದು 0.105ಕ್ಕಿಂತ ಕಡಿಮೆ, ಹಾಗಾಗಿ ಕ್ರಿಯೆ ಮುಂದಕ್ಕೆ ಎಂದು ಬರೆದುಬಿಡುತ್ತಾರೆ. 5ರಿಂದ ಭಾಗಿಸಿ ಸಾರತೆ ಮಾಡಿ: 0.2, 0.4, 0.1 ಮೋಲ್ ಪ್ರತಿ ಲೀಟರ್. ಈಗ 0.01 ÷ (0.2 × 0.064) = 0.78. ಇದು 0.105ಕ್ಕಿಂತ ಏಳು ಪಟ್ಟು ಹೆಚ್ಚು. ಕ್ರಿಯೆ ಹಿಂದಕ್ಕೆ, ಅಮೋನಿಯ ಒಡೆಯುತ್ತದೆ. ಎರಡು ಉತ್ತರಗಳ ನಡುವಿನ ವ್ಯತ್ಯಾಸ ಸರಿಯಾಗಿ 25 ಪಟ್ಟು, ಅಂದರೆ ಗಾತ್ರದ ವರ್ಗ. ಛೇದದಲ್ಲಿ ಒಟ್ಟು ಘಾತ 4, ಅಂಶದಲ್ಲಿ 2. ಉಳಿದ 2 ಆ ವರ್ಗಕ್ಕೆ ಕಾರಣ.

ಈ ದೋಷ ಬಹಳ ದಿನ ಗೊತ್ತಾಗದೆ ಉಳಿಯುವುದಕ್ಕೆ ಕಾರಣವಿದೆ. ಅಭ್ಯಾಸಕ್ಕೆ ಮೊದಲು ಕೊಡುವ ಲೆಕ್ಕ ಸಾಮಾನ್ಯವಾಗಿ ಹೈಡ್ರೋಜನ್, ಅಯೋಡಿನ್, ಹೈಡ್ರೋಜನ್ ಅಯೋಡೈಡ್‌ನದು. ಅಲ್ಲಿ ಎಡಗಡೆ ಎರಡು ಅನಿಲ ಮೋಲ್, ಬಲಗಡೆಯೂ ಎರಡು. 448 ಡಿಗ್ರಿಯಲ್ಲಿ ಕೆಸಿ 50.5. ಪಾತ್ರೆಯಲ್ಲಿ 1 ಮೋಲ್ ಹೈಡ್ರೋಜನ್, 0.5 ಮೋಲ್ ಅಯೋಡಿನ್, 4 ಮೋಲ್ ಹೈಡ್ರೋಜನ್ ಅಯೋಡೈಡ್ ಇದ್ದರೆ ಕ್ಯೂ 16 ÷ 0.5 = 32. ಪಾತ್ರೆ 1 ಲೀಟರಿನದಾಗಲಿ 50 ಲೀಟರಿನದಾಗಲಿ ಉತ್ತರ ಅದೇ, ಏಕೆಂದರೆ ಗಾತ್ರ ಮೇಲೂ ಕೆಳಗೂ ಹೊಡೆದುಹೋಗುತ್ತದೆ. ಹತ್ತು ಲೆಕ್ಕ ಸರಿ ಬಂದ ಮೇಲೆ ಗಾತ್ರದಿಂದ ಭಾಗಿಸುವ ಅಭ್ಯಾಸವೇ ತಪ್ಪಿಹೋಗಿರುತ್ತದೆ, ಅಮೋನಿಯ ಬಂದಾಗ ಲೆಕ್ಕ ಕೈಕೊಡುತ್ತದೆ. ಪಾಠ ಮಾಡುವವರು ಅಮೋನಿಯ ಲೆಕ್ಕವನ್ನೇ ಮೊದಲು ಕೊಡುವುದು ಒಳ್ಳೆಯದು.

ಪರೀಕ್ಷೆ ಸುಲಭ: ಗಾತ್ರವನ್ನು ದುಪ್ಪಟ್ಟು ಮಾಡಿ ಲೆಕ್ಕ ಮತ್ತೆ ಹಾಕಿ. ಎರಡೂ ಕಡೆ ಅನಿಲ ಮೋಲ್‌ಗಳು ಸಮ ಇಲ್ಲದಿದ್ದರೂ ನಿಮ್ಮ ಕ್ಯೂ ಬದಲಾಗದಿದ್ದರೆ, ಗಾತ್ರ ನಿಮ್ಮ ಲೆಕ್ಕದೊಳಗೆ ಬಂದೇ ಇಲ್ಲ.

ಎರಡು ದ್ರಾವಣ ಬೆರೆಸಿದಾಗ

ಇದು ಅದೇ ದೋಷದ ಇನ್ನೊಂದು ರೂಪ, ಆದರೆ ಪ್ರಯೋಗಾಲಯದಲ್ಲಿ ಬೇರೆ ವೇಷದಲ್ಲಿ ಬರುತ್ತದೆ. ಪ್ರನಾಳಕ್ಕೆ 10 ಮಿಲಿ ಸಿಲ್ವರ್ ನೈಟ್ರೇಟ್, 10 ಮಿಲಿ ಸೋಡಿಯಂ ಕ್ಲೋರೈಡ್ ಹಾಕುತ್ತೀರಿ. ಎರಡರ ಸಾರತೆಯೂ 2.0 × 10⁻⁵ ಮೋಲ್ ಪ್ರತಿ ಲೀಟರ್. ಬಿಳಿ ಪ್ರಕ್ಷೇಪ ಬರುತ್ತದೆಯೇ? ಸಿಲ್ವರ್ ಕ್ಲೋರೈಡ್‌ನ ವಿಲೀನತಾ ಗುಣಲಬ್ಧ, ಅಂದರೆ ಅದು ಅಯಾನುಗಳಾಗಿ ಕರಗುವ ಕ್ರಿಯೆಯ ಕೆ, 25 ಡಿಗ್ರಿಯಲ್ಲಿ 1.8 × 10⁻¹⁰.

ಬಾಟಲಿಯ ಮೇಲಿನ ಸಾರತೆಯನ್ನೇ ಹಾಕಿದರೆ ಕ್ಯೂ 4.0 × 10⁻¹⁰, ಪ್ರಕ್ಷೇಪ ಬರಬೇಕು. ಆದರೆ ಬೆರೆಸಿದ ಮೇಲೆ ಒಟ್ಟು ಗಾತ್ರ 20 ಮಿಲಿ, ಎರಡೂ ಅಯಾನುಗಳ ಸಾರತೆ ಅರ್ಧಕ್ಕೆ ಇಳಿದಿದೆ. ಸರಿಯಾದ ಕ್ಯೂ 1.0 × 10⁻¹⁰. ಪ್ರಕ್ಷೇಪ ಬರುವುದಿಲ್ಲ. ಬೆರೆಸುವ ಲೆಕ್ಕದಲ್ಲಿ ‘ಬೆರೆಸಿದ ಕ್ಷಣದ ಸಾರತೆ’ ಎಂದು ಒಂದು ಸಾಲು ಬೇರೆಯಾಗಿ ಬರೆದುಕೊಂಡೇ ಮುಂದುವರಿಯಿರಿ. ಕ್ರಿಯೆ ಶುರುವಾಗುವ ಮುಂಚೆ, ಆದರೆ ದ್ರಾವಣಗಳು ಒಂದಾದ ಮೇಲೆ ಇರುವ ಬೆಲೆ ಅದು.

ಸಹಗುಣಕದ ಜಾಗ

ಸಮೀಕರಣದಲ್ಲಿರುವ 2, 3 ಘಾತವಾಗಿ ಮೇಲಕ್ಕೆ ಹೋಗಬೇಕು, ಅಷ್ಟೇ. ಆವರಣದ ಒಳಗೂ ಅದನ್ನೇ ಗುಣಿಸಿದರೆ ಎರಡು ಸಲ ಲೆಕ್ಕಕ್ಕೆ ತೆಗೆದುಕೊಂಡಂತಾಗುತ್ತದೆ. ಮೇಲಿನ ಅಮೋನಿಯ ಮಿಶ್ರಣದಲ್ಲೇ ಹಾಗೆ ಮಾಡಿ ನೋಡಿ: (2 × 0.1)² ÷ (0.2 × (3 × 0.4)³) = 0.04 ÷ 0.346 = 0.116. ಕೆ 0.105. ಎರಡೂ ಹೆಚ್ಚುಕಡಿಮೆ ಒಂದೇ, ಮಿಶ್ರಣ ಸಮತೋಲನದ ಹತ್ತಿರ ಇದೆ ಎಂದು ತೋರುತ್ತದೆ! ನಿಜದಲ್ಲಿ ಅದು ಏಳು ಪಟ್ಟು ಆಚೆ ಇದೆ. ತಪ್ಪು ಉತ್ತರ ನಂಬುವಂತೆ ಕಾಣುವುದೇ ಈ ದೋಷದ ಅಪಾಯ. ತಪ್ಪು 0.116ಕ್ಕೂ ಸರಿಯಾದ 0.78ಕ್ಕೂ ಇರುವ ಅನುಪಾತ 4/27. ಮೇಲೆ ಹೇಳಿದ ಗುರುತು ಇದೇ.

ಸಮೀಕರಣವನ್ನೇ ಸರಿದೂಗಿಸದಿದ್ದರೆ ಘಾತಗಳೂ ತಪ್ಪುತ್ತವೆ. ಅದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಎರಡೂ ಕಡೆ ಪರಮಾಣು ಎಣಿಸಿ.

ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು

ಶುದ್ಧ ಘನ ವಸ್ತು ಕ್ಯೂ ಒಳಗೆ ಬರುವುದಿಲ್ಲ. ಸುಣ್ಣದ ಕಲ್ಲು ಸುಟ್ಟು ಸುಣ್ಣವೂ ಕಾರ್ಬನ್ ಡೈಆಕ್ಸೈಡೂ ಆಗುವ ಕ್ರಿಯೆಯಲ್ಲಿ ಕ್ಯೂ ಎಂದರೆ ಕಾರ್ಬನ್ ಡೈಆಕ್ಸೈಡ್‌ನ ಆಂಶಿಕ ಒತ್ತಡ ಮಾತ್ರ. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ಕೆಪಿ, ಅಂದರೆ ಆಂಶಿಕ ಒತ್ತಡದಲ್ಲಿ ತೆಗೆದ ಕೆ, 1 ವಾಯುಭಾರ ಮುಟ್ಟುತ್ತದೆ. ಭಟ್ಟಿಗೆ ಒಂದು ಟನ್ ಕಲ್ಲು ಹಾಕಿದರೂ ಹತ್ತು ಟನ್ ಹಾಕಿದರೂ ಈ ಬೆಲೆ ಬದಲಾಗದು. ಸಿಮೆಂಟಿಗಾಗಿ ಕಲ್ಲು ಸುಡುವಾಗ ಕ್ರಿಯೆ ಮುಂದಕ್ಕೇ ಸಾಗುವುದು ಅನಿಲ ಹೊರಗೆ ಹೋಗುತ್ತಿರುವುದರಿಂದ: ಕ್ಯೂ ಯಾವಾಗಲೂ ಕೆಗಿಂತ ಕೆಳಗೇ ಉಳಿಯುತ್ತದೆ. ಘನ ವಸ್ತುವಿನ ಸಾರತೆ ಎಂದು ಕಿಲೋಗ್ರಾಂ, ಸಾಂದ್ರತೆ ಏನಾದರೂ ಲೆಕ್ಕಕ್ಕೆ ತಂದಿದ್ದರೆ ಅದನ್ನು ಹೊಡೆದುಹಾಕಿ.

ನೀರಿನ ವಿಷಯ ಇಷ್ಟು ಸರಳವಲ್ಲ. ನೀರೇ ದ್ರಾವಕವಾಗಿದ್ದಾಗ, ಅಂದರೆ ತೆಳು ಜಲೀಯ ದ್ರಾವಣದಲ್ಲಿ, ಅದನ್ನು ಬಿಡುತ್ತೇವೆ. ಹಾಗೆಂದು ‘ನೀರನ್ನು ಯಾವಾಗಲೂ ಬಿಡಬೇಕು’ ಎಂದು ಬಾಯಿಪಾಠ ಮಾಡಿದವರು ಎಸ್ಟರ್ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾರೆ. ಅಸಿಟಿಕ್ ಆಮ್ಲ ಮತ್ತು ಎಥೆನಾಲ್ ಸೇರಿ ಈಥೈಲ್ ಅಸಿಟೇಟ್ ಮತ್ತು ನೀರು ಆಗುವ ಕ್ರಿಯೆಯಲ್ಲಿ ನೀರು ದ್ರಾವಕವಲ್ಲ, ಉಳಿದ ಮೂರರ ಜೊತೆ ಸರಿಸಮನಾಗಿ ಬೆರೆತ ಉತ್ಪನ್ನ. ಕೋಣೆಯ ತಾಪದಲ್ಲಿ ಇದರ ಕೆ ಸುಮಾರು 4. ಆಮ್ಲ 1 ಮೋಲ್, ಎಥೆನಾಲ್ 1 ಮೋಲ್, ಎಸ್ಟರ್ 2 ಮೋಲ್, ನೀರು 3 ಮೋಲ್ ಇದ್ದರೆ ಕ್ಯೂ (2 × 3) ÷ (1 × 1) = 6. ಕ್ರಿಯೆ ಹಿಂದಕ್ಕೆ. ನೀರು ಬಿಟ್ಟರೆ 2, ಮುಂದಕ್ಕೆ ಎಂಬ ತಪ್ಪು ಉತ್ತರ. ಅನಿಲ ಸ್ಥಿತಿಯ ನೀರಾವಿಯನ್ನೂ ಬಿಡುವಂತಿಲ್ಲ. ಪ್ರಶ್ನೆಯಲ್ಲಿ ಪ್ರತಿ ಪದಾರ್ಥದ ಪಕ್ಕ ಇರುವ ಸ್ಥಿತಿಯ ಗುರುತನ್ನು ಓದದೆ ಸೂತ್ರ ಬರೆಯಬೇಡಿ.

ಕ್ರಿಯಾವರ್ಧಕ ಕ್ಯೂಗೂ ಬರದು, ಕೆಗೂ ಬರದು. ಗಾತ್ರ ಬದಲಾಗದ ಪಾತ್ರೆಗೆ ಆರ್ಗಾನ್ ತುಂಬಿದರೆ ಒಟ್ಟು ಒತ್ತಡ ಏರುತ್ತದೆ, ಆದರೆ ಕ್ರಿಯೆಯಲ್ಲಿರುವ ಅನಿಲಗಳ ಆಂಶಿಕ ಒತ್ತಡ ಇದ್ದಲ್ಲೇ ಇರುತ್ತದೆ, ಕ್ಯೂ ಬದಲಾಗದು.

ಕ್ಯೂ ಸರಿ, ಹೋಲಿಸಿದ ಕೆ ತಪ್ಪು

ಕ್ಯೂ ಎಷ್ಟು ಅಚ್ಚುಕಟ್ಟಾಗಿ ಲೆಕ್ಕ ಹಾಕಿದರೂ ಹೊಂದದ ಕೆ ಜೊತೆ ಹೋಲಿಸಿದರೆ ಎಲ್ಲಾ ನೀರುಪಾಲು. ಮೂರು ಕಡೆ ನೋಡಬೇಕು.

ಮೊದಲನೆಯದು, ಒತ್ತಡದ ಕ್ಯೂ ಮತ್ತು ಸಾರತೆಯ ಕೆ ಬೆರೆಯುವುದು. ಡೈನೈಟ್ರೋಜನ್ ಟೆಟ್ರಾಕ್ಸೈಡ್ ಒಡೆದು ಎರಡು ನೈಟ್ರೋಜನ್ ಡೈಆಕ್ಸೈಡ್ ಆಗುವ ಕ್ರಿಯೆಗೆ 25 ಡಿಗ್ರಿಯಲ್ಲಿ ಕೆಸಿ 4.6 × 10⁻³, ಕೆಪಿ ವಾಯುಭಾರದಲ್ಲಿ 0.113. ಟೆಟ್ರಾಕ್ಸೈಡ್ 1.0 ವಾಯುಭಾರ, ಡೈಆಕ್ಸೈಡ್ 0.20 ವಾಯುಭಾರ ಇದ್ದರೆ ಕ್ಯೂಪಿ 0.04. ಕೆಪಿ ಜೊತೆ ಹೋಲಿಸಿದರೆ ಕಡಿಮೆ, ಮುಂದಕ್ಕೆ. ಕೆಸಿ ಜೊತೆ ಹೋಲಿಸಿದರೆ ಹೆಚ್ಚು, ಹಿಂದಕ್ಕೆ. ಸರಿಯಾದದ್ದು ಮುಂದಕ್ಕೆ. ಅನುಮಾನ ಬಂದರೆ ಒತ್ತಡವನ್ನು 0.0821 × 298 = 24.5ರಿಂದ (ಅನಿಲ ಸ್ಥಿರಾಂಕ × ಕೆಲ್ವಿನ್ ತಾಪ) ಭಾಗಿಸಿ ಸಾರತೆಗೆ ತನ್ನಿ: 0.0409 ಮತ್ತು 0.00818. ಕ್ಯೂಸಿ 1.6 × 10⁻³, ಇದು 4.6 × 10⁻³ಕ್ಕಿಂತ ಕಡಿಮೆ. ಹೊಂದುವ ಜೋಡಿಯನ್ನು ಹಿಡಿದರೆ ಎರಡು ದಾರಿಯೂ ಒಂದೇ ದಿಕ್ಕು ತೋರಿಸುತ್ತವೆ.

ಒತ್ತಡದ ಮಾನವೂ ಕೆಯ ಮಾನವೂ ಒಂದೇ ಇರಬೇಕು. ಅದೇ ಮಿಶ್ರಣವನ್ನು ಪಾದರಸದ ಮಿಲಿಮೀಟರಿನಲ್ಲಿ ಹಾಕಿದರೆ 152² ÷ 760 = 30.4 ಬರುತ್ತದೆ, 0.113 ಪಕ್ಕದಲ್ಲಿ ಅದಕ್ಕೆ ಯಾವ ಅರ್ಥವೂ ಇಲ್ಲ. ವಾಯುಭಾರ ಮತ್ತು ಬಾರ್ ನಡುವೆ ವ್ಯತ್ಯಾಸ ಶೇ. 1.3 ಮಾತ್ರ, ದಿಕ್ಕು ಹೇಳುವುದಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಎರಡನೆಯದು, ತಾಪ. ಇದೇ ಕ್ರಿಯೆಯ ಕೆಸಿ 100 ಡಿಗ್ರಿಯಲ್ಲಿ ಸುಮಾರು 0.21. ಕ್ಯೂಸಿ 0.05 ಇರುವ ಮಿಶ್ರಣ 25 ಡಿಗ್ರಿಯಲ್ಲಿ ಹಿಂದಕ್ಕೆ, 100 ಡಿಗ್ರಿಯಲ್ಲಿ ಮುಂದಕ್ಕೆ ಹೋಗುತ್ತದೆ. ಮುಚ್ಚಿದ ಗಾಜಿನ ಕೊಳವೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು: ಬಿಸಿನೀರಿನಲ್ಲಿಟ್ಟರೆ ಕಂದು ಬಣ್ಣ ಗಾಢವಾಗುತ್ತದೆ, ಮಂಜುಗಡ್ಡೆಯಲ್ಲಿಟ್ಟರೆ ತಿಳಿಯಾಗುತ್ತದೆ. ಕೊಳವೆಯೊಳಗಿನ ಪದಾರ್ಥಕ್ಕೆ ನಾವು ಏನನ್ನೂ ಸೇರಿಸಿಲ್ಲ, ತೆಗೆದಿಲ್ಲ, ಬದಲಾಗಿದ್ದು ಕೆ. ಪ್ರಶ್ನೆಯಲ್ಲಿ ಕೆಲ್ವಿನ್ ಕೊಟ್ಟು ಪಟ್ಟಿಯಲ್ಲಿ ಸೆಲ್ಸಿಯಸ್ ಇದ್ದಾಗ ಎಡವುವುದು ಹೆಚ್ಚು. 500 ಕೆಲ್ವಿನ್ ಎಂದರೆ 227 ಡಿಗ್ರಿ ಸೆಲ್ಸಿಯಸ್.

ಮೂರನೆಯದು, ಸಮೀಕರಣ ಬರೆದ ರೀತಿ. ಕ್ರಿಯೆಯನ್ನು ತಿರುಗಿಸಿ ಬರೆದರೆ ಕೆ ತಲೆಕೆಳಗಾಗುತ್ತದೆ: ಅಮೋನಿಯ ಒಡೆಯುವ ಕ್ರಿಯೆಗೆ 472 ಡಿಗ್ರಿಯಲ್ಲಿ 1 ÷ 0.105 = 9.5. ಎಲ್ಲಾ ಸಹಗುಣಕಗಳನ್ನು ಅರ್ಧ ಮಾಡಿದರೆ ವರ್ಗಮೂಲ: 0.324. ಕ್ಯೂ ಕೂಡ ಅದೇ ರೀತಿ ಬದಲಾಗುವುದರಿಂದ ಎರಡನ್ನೂ ಒಂದೇ ಸಮೀಕರಣದಿಂದ ತೆಗೆದರೆ ದಿಕ್ಕು ಎಂದೂ ತಪ್ಪದು. 0.78ನ್ನು 0.105ರ ಪಕ್ಕ ಇಡಿ, ಇಲ್ಲವೇ 0.88ನ್ನು 0.324ರ ಪಕ್ಕ ಇಡಿ, ಎರಡರಲ್ಲೂ ಉತ್ತರ ಹಿಂದಕ್ಕೆ. 0.78ನ್ನು 9.5ರ ಪಕ್ಕ ಇಟ್ಟರೆ ಕೆಟ್ಟಿತು. ಕೆ ಬೆಲೆ ಬರೆದುಕೊಳ್ಳುವಾಗ ಅದರ ಸಮೀಕರಣವನ್ನೂ ತಾಪವನ್ನೂ ಅದೇ ಸಾಲಿನಲ್ಲಿ ಬರೆಯಿರಿ. ಒಂಟಿ ಸಂಖ್ಯೆಯಾಗಿ ಬರೆದ ಕೆ ಯಾವ ಲೆಕ್ಕಕ್ಕೂ ಬೇಡ.

ಪ್ರತಿ ಸಲವೂ ಕ್ಯೂ ಮತ್ತು ಕೆ ಒಂದೇ ಬರುತ್ತಿದ್ದರೆ ಅದಕ್ಕೆ ಬೇರೆ ಕಾರಣ: ನೀವು ಆರಂಭದ ಬೆಲೆ ಬಿಟ್ಟು ಸಮತೋಲನದ ಬೆಲೆಗಳನ್ನೇ ಕ್ಯೂಗೆ ಹಾಕುತ್ತಿದ್ದೀರಿ.

ಕ್ಯಾಲ್ಕ್ಯುಲೇಟರ್ ಮತ್ತು ಎಕ್ಸೆಲ್

ಛೇದದಲ್ಲಿ ಎರಡು ಪದ ಇದ್ದಾಗ ಆವರಣ ಹಾಕದೆ 0.01 ÷ 0.2 × 0.064 ಎಂದು ಒತ್ತಿದರೆ ಯಂತ್ರ ಎಡದಿಂದ ಬಲಕ್ಕೆ ಹೋಗಿ 0.0032 ಕೊಡುತ್ತದೆ. ಬರಬೇಕಾದದ್ದು 0.78. ಎಕ್ಸೆಲ್‌ನಲ್ಲೂ ಇದೇ ಕಥೆ. ಹತ್ತರ ಘಾತದ ಗುಂಡಿ ಒತ್ತುವಾಗ ‘10’ ಒತ್ತಿ ಆಮೇಲೆ ಆ ಗುಂಡಿ ಒತ್ತಿದರೆ ಒಂದು ಹತ್ತು ಜಾಸ್ತಿಯಾಗುತ್ತದೆ. ‘1’ ಒತ್ತಿ ಗುಂಡಿ ಒತ್ತಬೇಕು.

ಸಿಇಟಿ ಕೊಠಡಿಯಲ್ಲಿ ಕ್ಯಾಲ್ಕ್ಯುಲೇಟರ್ ಇರುವುದಿಲ್ಲ. ಅಲ್ಲಿ ಪೂರ್ತಿ ಬೆಲೆ ತೆಗೆಯುವ ಗೋಜಿಗೆ ಹೋಗುವುದಕ್ಕಿಂತ ಹತ್ತರ ಘಾತಗಳನ್ನು ಮೊದಲು ಕೂಡಿಸಿ ಕಳೆದು ನೋಡಿ. ಕ್ಯೂ 10⁻⁴ರ ಆಸುಪಾಸು, ಕೆ 10⁻²ರ ಆಸುಪಾಸು ಎಂದು ಕಂಡರೆ ಮುಂದಿನ ಅಂಕಿಗಳು ದಿಕ್ಕನ್ನು ಬದಲಿಸಲಾರವು.

ದಿಕ್ಕು ಹೇಳಿದ ಮೇಲೆ ಒಂದು ತಾಳೆ ನೋಡಬೇಕು, ಇದಕ್ಕೆ ಉತ್ತರ ಪಟ್ಟಿ ಬೇಡ. ನೀವು ಹೇಳಿದ ದಿಕ್ಕಿಗೆ ಸ್ವಲ್ಪ ಸರಿಸಿ ಕ್ಯೂ ಮತ್ತೆ ತೆಗೆಯಿರಿ. ಅದು ಕೆ ಕಡೆಗೆ ಬರಬೇಕು. ಅಮೋನಿಯ ಮಿಶ್ರಣವನ್ನು ಹಿಂದಕ್ಕೆ ಸರಿಸಿ: ಅಮೋನಿಯ 0.10ರಿಂದ 0.08, ನೈಟ್ರೋಜನ್ 0.20ರಿಂದ 0.21, ಹೈಡ್ರೋಜನ್ 0.40ರಿಂದ 0.43. ಈಗ ಕ್ಯೂ 0.0064 ÷ 0.0167 = 0.38. 0.78ರಿಂದ 0.38ಕ್ಕೆ ಇಳಿಯಿತು, 0.105 ಕಡೆಗೇ ಹೋಗುತ್ತಿದೆ. ದೂರ ಹೋದರೆ ದಿಕ್ಕು ತಪ್ಪು. ಸೂತ್ರಕ್ಕೆ ಹಾಕಿದ ಸಾರತೆಯೇ ತಪ್ಪಿದ್ದರೆ ಈ ತಾಳೆ ಅದನ್ನು ಹಿಡಿಯದು ಎಂಬುದು ನೆನಪಿರಲಿ. ಸೂತ್ರಕ್ಕೂ ದಿಕ್ಕಿಗೂ ಹೊಂದಾಣಿಕೆ ಇದೆಯೇ ಎಂದಷ್ಟೇ ಹೇಳುತ್ತದೆ.

‘ಹಿಂದಕ್ಕೆ’ ಎಂದರೆ ಪ್ರಕ್ಷೇಪವೇ?

ವಿಲೀನತೆಯ ಲೆಕ್ಕದಲ್ಲಿ ಸಮೀಕರಣವನ್ನು ಘನ ಎಡಕ್ಕೆ, ಅಯಾನುಗಳು ಬಲಕ್ಕೆ ಬರುವಂತೆ ಬರೆಯುತ್ತೇವೆ. ಆದ್ದರಿಂದ ಅಲ್ಲಿ ಹಿಂದಕ್ಕೆ ಎಂದರೆ ಪ್ರಕ್ಷೇಪ ಬೀಳುವುದು. ಗೀಸರ್ ಕಾಯಿಲ್ ಮೇಲೆ, ಶಿಡ್ಲಘಟ್ಟದ ಕಡೆ ರೇಷ್ಮೆ ಗೂಡು ಬೇಯಿಸುವ ಪಾತ್ರೆಗಳಲ್ಲಿ ಗಡಸು ನೀರು ಬಿಳಿ ಪದರ ಕಟ್ಟುವ ಕ್ರಿಯೆಯನ್ನು ಮಾತ್ರ ಬೇರೆ ರೀತಿ ಬರೆಯುವ ರೂಢಿ:

ಕ್ಯಾಲ್ಸಿಯಂ ಅಯಾನು + 2 ಬೈಕಾರ್ಬೊನೇಟ್ ⇌ ಕ್ಯಾಲ್ಸಿಯಂ ಕಾರ್ಬೊನೇಟ್ + ಕಾರ್ಬನ್ ಡೈಆಕ್ಸೈಡ್ + ನೀರು

ಇಲ್ಲಿ ಘನ ಬಲಕ್ಕಿದೆ. ಕ್ಯೂ = [ಕಾರ್ಬನ್ ಡೈಆಕ್ಸೈಡ್] ÷ ([ಕ್ಯಾಲ್ಸಿಯಂ] × [ಬೈಕಾರ್ಬೊನೇಟ್]²). ಕಾಯಿಸಿದಾಗ ಅನಿಲ ಹಾರಿಹೋಗಿ ಅಂಶ ಕುಗ್ಗುತ್ತದೆ, ಕ್ಯೂ ಕೆಗಿಂತ ಕೆಳಗಿಳಿಯುತ್ತದೆ, ಕ್ರಿಯೆ ಮುಂದಕ್ಕೆ ಹೋಗಿ ಪದರ ಕಟ್ಟುತ್ತದೆ. ಕ್ಯೂ ಹೆಚ್ಚಾದರೆ ಪ್ರಕ್ಷೇಪ ಎಂದು ಕಂಠಪಾಠ ಮಾಡಿದವರಿಗೆ ಇದು ಉಲ್ಟಾ ಕಾಣುತ್ತದೆ. ಹಿಂದೆ, ಮುಂದೆ ಎಂದು ಬರೆದ ಮೇಲೆ ಆ ಕಡೆ ಯಾವ ಪದಾರ್ಥ ಇದೆ ಎಂದು ನೋಡಿ ಅದರ ಹೆಸರನ್ನೂ ಬರೆಯಿರಿ.

ಬೋರ್‌ವೆಲ್ ನೀರಿನ ಫ್ಲೋರೈಡ್: ಎಲ್ಲಾ ದೋಷಗಳೂ ಒಟ್ಟಿಗೆ ಸಿಗುವ ಲೆಕ್ಕ

ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನಂಥ ಗ್ರಾನೈಟ್ ನೆಲದ ಆಳದ ಬೋರ್‌ಗಳಲ್ಲಿ ಫ್ಲೋರೈಡ್ ಮಿತಿ ಮೀರುವುದು ಎಲ್ಲರಿಗೂ ಗೊತ್ತಿರುವ ಸಮಸ್ಯೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1.0 ಮಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೂ ಫ್ಲೋರೈಡ್ ಯಾಕೆ ತಾನಾಗಿ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಕೆಳಗೆ ಕೂರುವುದಿಲ್ಲ? ಇದು ಕ್ಯೂ ಪ್ರಶ್ನೆ.

ಲೆಕ್ಕಕ್ಕೆ ಒಂದು ಮಾದರಿ ವರದಿ ಇಟ್ಟುಕೊಳ್ಳಿ: ಕ್ಯಾಲ್ಸಿಯಂ ಗಡಸುತನ 200 ಮಿಗ್ರಾಂ ಪ್ರತಿ ಲೀಟರ್, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಫ್ಲೋರೈಡ್ 3.0 ಮಿಗ್ರಾಂ ಪ್ರತಿ ಲೀಟರ್.

ಮೊದಲ ದೋಷ ಇಲ್ಲೇ. ಆ 200 ಎನ್ನುವುದು ಕ್ಯಾಲ್ಸಿಯಂ ತೂಕವಲ್ಲ, ಅಷ್ಟು ಕ್ಯಾಲ್ಸಿಯಂಗೆ ಸಮನಾದ ಕಾರ್ಬೊನೇಟ್‌ನ ತೂಕ. 100ರಿಂದ ಭಾಗಿಸಿದರೆ 2.0 ಮಿಲಿಮೋಲ್. ಕ್ಯಾಲ್ಸಿಯಂ ತೂಕ ಬೇಕಿದ್ದರೆ 0.4ರಿಂದ ಗುಣಿಸಿ, 80 ಮಿಗ್ರಾಂ. 200ನ್ನು 40ರಿಂದ ಭಾಗಿಸಿ 5.0 ಮಿಲಿಮೋಲ್ ಮಾಡಿದವರ ಕ್ಯೂ 2.5 ಪಟ್ಟು ಉಬ್ಬುತ್ತದೆ. ಒಟ್ಟು ಗಡಸುತನ ಎಂದಿದ್ದರೆ ಅದರಲ್ಲಿ ಮೆಗ್ನೀಸಿಯಂ ಕೂಡ ಸೇರಿದೆ; ಆ ಅಂಕಿ ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಫ್ಲೋರೈಡ್ 3.0 ÷ 19.0 = 0.158 ಮಿಲಿಮೋಲ್. ಈಗ

ಕ್ಯೂ = [ಕ್ಯಾಲ್ಸಿಯಂ] × [ಫ್ಲೋರೈಡ್]² = (2.0 × 10⁻³) × (1.58 × 10⁻⁴)² = 5.0 × 10⁻¹¹

ಮಿಲಿಮೋಲ್‌ನಲ್ಲೇ ಗುಣಿಸಿದರೆ 0.050 ಬರುತ್ತದೆ. ಮೂರು ಸಾರತೆಗಳ ಗುಣಲಬ್ಧವಾದ್ದರಿಂದ ಅದಕ್ಕೆ 10⁻⁹ ಸೇರಬೇಕು. ಒಂದೇ ಸಲ 10⁻³ ಹಾಕಿ ಕೈಬಿಟ್ಟರೆ ಉತ್ತರ ಹತ್ತು ಲಕ್ಷ ಪಟ್ಟು ದೊಡ್ಡದು.

ಎರಡನೇ ದೋಷ ಕೆ ಬೆಲೆಯಲ್ಲಿ. ಕ್ಯಾಲ್ಸಿಯಂ ಫ್ಲೋರೈಡ್‌ನ ವಿಲೀನತಾ ಗುಣಲಬ್ಧ ಕೆಲವು ಪಠ್ಯಪಟ್ಟಿಗಳಲ್ಲಿ 5.3 × 10⁻⁹, ಇನ್ನು ಕೆಲವು ಪಟ್ಟಿಗಳಲ್ಲಿ 3.5 × 10⁻¹¹. ನಡುವೆ 150 ಪಟ್ಟು ಅಂತರ. ಮೊದಲನೆಯದನ್ನು ಹಿಡಿದರೆ ನಮ್ಮ ನೀರು ಸಂತೃಪ್ತ ಸ್ಥಿತಿಗೆ ನೂರು ಪಟ್ಟು ದೂರ, ಎರಡನೆಯದನ್ನು ಹಿಡಿದರೆ ಸ್ವಲ್ಪ ದಾಟಿದೆ. ಪರೀಕ್ಷೆಯ ಲೆಕ್ಕಕ್ಕೆ ಪ್ರಶ್ನೆಯಲ್ಲಿ ಕೊಟ್ಟ ಬೆಲೆಯನ್ನೇ ಬಳಸಿ. ನೀರಿನ ಲೆಕ್ಕಕ್ಕೆ 3.5 × 10⁻¹¹ ಬಳಸುವುದು ಸರಿ.

ಹಾಗಾದರೆ 5.0, 3.5ಕ್ಕಿಂತ ಹೆಚ್ಚು, ಪ್ರಕ್ಷೇಪ ಬೀಳಬೇಕಲ್ಲ? ಇಷ್ಟು ಹತ್ತಿರದ ಬೆಲೆಗಳಲ್ಲಿ ಬರೀ ಸಾರತೆ ಸಾಲದು, ಆಕ್ಟಿವಿಟಿ, ಅಂದರೆ ಅಯಾನುಗಳ ಪರಿಣಾಮಕಾರಿ ಸಾರತೆ, ನೋಡಬೇಕು. ಲವಣಗಳಿರುವ ನೀರಿನಲ್ಲಿ ಅಯಾನುಗಳು ಒಂದನ್ನೊಂದು ಸುತ್ತುವರಿದು ಪರಿಣಾಮ ಕುಗ್ಗಿರುತ್ತದೆ. ಅಯಾನಿಕ ಬಲ (ನೀರಿನಲ್ಲಿರುವ ಒಟ್ಟು ಅಯಾನುಗಳ ಅಳತೆ) 0.015 ಇರುವ ನೀರಿನಲ್ಲಿ ಸಾರತೆಯನ್ನು ಗುಣಿಸಬೇಕಾದ ಕ್ಯಾಲ್ಸಿಯಂನ ಗುಣಕ ಸುಮಾರು 0.61, ಫ್ಲೋರೈಡ್‌ನದು ಸುಮಾರು 0.88. 0.61 × 0.88² = 0.47. ಕ್ಯೂ 5.0 × 10⁻¹¹ರಿಂದ 2.4 × 10⁻¹¹ಕ್ಕೆ ಇಳಿಯುತ್ತದೆ, ಕೆಗಿಂತ ಕೆಳಗೆ. 3 ಮಿಗ್ರಾಂ ಫ್ಲೋರೈಡ್ ಆ ನೀರಿನಲ್ಲಿ ಆರಾಮವಾಗಿ ಕರಗಿಯೇ ಇರುತ್ತದೆ. ಕ್ಯೂ ಮತ್ತು ಕೆ ಎರಡು ಮೂರು ಪಟ್ಟಿನೊಳಗೆ ಇದ್ದಾಗ ಈ ತಿದ್ದುಪಡಿ ಮಾಡದೆ ತೀರ್ಪು ಕೊಡಬೇಡಿ. ಹತ್ತು ಪಟ್ಟು ಅಂತರ ಇದ್ದರೆ ತೆಳು ನೀರಿಗೆ ಅದರ ಅಗತ್ಯ ಬೀಳುವುದಿಲ್ಲ.

ಅದೇ ಸೂತ್ರವನ್ನು ತಿರುಗಿಸಿ ನೋಡಿದರೆ ಇನ್ನೊಂದು ವಿಷಯ ಬಿಡಿಸಿಕೊಳ್ಳುತ್ತದೆ. ಆಕ್ಟಿವಿಟಿ ತಿದ್ದುಪಡಿ ಬಿಟ್ಟು ಲೆಕ್ಕ ಹಾಕಿದರೆ, ಕ್ಯಾಲ್ಸಿಯಂ ಲೀಟರಿಗೆ 80 ಮಿಗ್ರಾಂ ಇದ್ದಾಗ ಸಂತೃಪ್ತ ಸ್ಥಿತಿಯ ಫ್ಲೋರೈಡ್ 2.5 ಮಿಗ್ರಾಂ, ಕ್ಯಾಲ್ಸಿಯಂ 20 ಮಿಗ್ರಾಂಗೆ ಇಳಿದರೆ ಫ್ಲೋರೈಡ್ 5.0 ಮಿಗ್ರಾಂವರೆಗೆ ಏರಬಹುದು. ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿರುವ, ಬಾಯಿಗೆ ಮೆದುವೆನಿಸುವ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಸಿಗುವುದಕ್ಕೆ ಇದೂ ಕಾರಣ. ಗಡಸು ಇಲ್ಲ, ಹಾಗಾಗಿ ನೀರು ಚೆನ್ನಾಗಿದೆ ಎಂದುಕೊಳ್ಳುವಂತಿಲ್ಲ. ಬರೀ ಸುಣ್ಣ ಹಾಕಿ 1.5 ಮಿಗ್ರಾಂಗೆ ಇಳಿಸೋಣ ಎಂದರೆ ಕ್ಯಾಲ್ಸಿಯಂ ಲೀಟರಿಗೆ ಸುಮಾರು 225 ಮಿಗ್ರಾಂ ಬೇಕು. ಕ್ಯಾಲ್ಸಿಯಂಗೆ ಮಾನಕದ ಗರಿಷ್ಠ ಮಿತಿಯೇ 200. ಆಕ್ಟಿವಿಟಿ ಸೇರಿಸಿದರೆ ಇನ್ನೂ ಹೆಚ್ಚು ಬೇಕಾಗುತ್ತದೆ.

ನೀರಿನಿಂದ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನದಲ್ಲಿ ಸುಣ್ಣದ ಜೊತೆ ಆಲಂ (ಪಟಿಕ) ಹಾಕುವುದು ಇದಕ್ಕೇ. ಅಲ್ಲಿ ಫ್ಲೋರೈಡನ್ನು ಹಿಡಿಯುವುದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್‌ನ ಹಿಂಜಿದಂಥ ಗಸಿ, ಮೇಲ್ಮೈಗೆ ಅಂಟಿಸಿಕೊಳ್ಳುವ ಮೂಲಕ. ಆ ಘಟಕದ ನೀರಿಗೆ ಕ್ಯಾಲ್ಸಿಯಂ ಫ್ಲೋರೈಡ್‌ನ ಕೆ ಹಿಡಿದು ಲೆಕ್ಕ ಹಾಕಿ ‘ಕ್ಯೂ ಕೆಗಿಂತ ಕಡಿಮೆ, ಫ್ಲೋರೈಡ್ ಇಳಿದಿದ್ದು ಹೇಗೆ’ ಎಂದು ತಲೆ ಕೆಡಿಸಿಕೊಂಡರೆ ತಪ್ಪು ಲೆಕ್ಕದಲ್ಲಿಲ್ಲ, ಆಯ್ದುಕೊಂಡ ಸಮೀಕರಣದಲ್ಲಿದೆ.

ಇನ್ನು ಮಾದರಿ ತುಂಬುವ ಬಾಟಲಿಯ ವಿಷಯ. ಫ್ಲೋರೈಡ್ ಪರೀಕ್ಷೆಗೆ ಗಾಜಿನ ಬದಲು ಪಾಲಿಥಿನ್ ಬಾಟಲಿ ಬಳಸಿ. ಪಿಎಚ್ ಮತ್ತು ತಾಪವನ್ನು ಬೋರ್ ಬಳಿಯಲ್ಲೇ ಅಳೆದು ಬರೆದುಕೊಳ್ಳಿ, ಏಕೆಂದರೆ ದಾರಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ. ಬಾಟಲಿಯನ್ನು ಬಾಯಿ ತನಕ ತುಂಬಿ ಬಿಗಿಯಾಗಿ ಮುಚ್ಚಿ. ಲ್ಯಾಬಿಗೆ ತಲುಪುವಷ್ಟರಲ್ಲಿ ತಳದಲ್ಲಿ ಬಿಳಿ ಪುಡಿ ಕೂತಿದ್ದರೆ ಆ ನೀರಿನ ಕ್ಯಾಲ್ಸಿಯಂ ಅಂಕಿ ಬೋರ್‌ನಲ್ಲಿದ್ದದ್ದಕ್ಕಿಂತ ಕಡಿಮೆ ಬರುತ್ತದೆ. ಅದನ್ನಿಟ್ಟುಕೊಂಡು ಕ್ಯೂ ಲೆಕ್ಕ ಹಾಕದೆ ಮಾದರಿಯನ್ನು ಮತ್ತೆ ತೆಗೆಸಿ.